ಯಂತ್ರದೊಳಗಿನ ಪೈಪೋಟಿ

ಬೆಂಗಳೂರಿನ ದಂಡುಪ್ರದೇಶದಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಾಭಿಮುಖವಾಗಿ ಹೊರಟರೆ, ಹಲಸೂರೂ ಇಂದಿರಾನಗರದ ಅಂಚೂ ಹಿಂದಾಗಿ, ಕೃಷ್ಣರಾಜಪುರವನ್ನು ಮುಟ್ಟುವ ಮೊದಲು ದೂರವಾಣಿನಗರವೆಂಬ ಬಡಾವಣೆ ಸಿಕ್ಕುತ್ತದೆ. ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಊರು ಇದು. ಇಲ್ಲಿಂದ ದೇಶದ ನಾನಾ ಊರುಗಳಿಗೆ ಟೆಲಿಫೋನುಗಳೂ, ಅವುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಯಂಚಾಲಿತ ವಿನಿಮಯ ಕೇಂದ್ರಗಳ ಉಪಕರಣಗಳೂ ಹೋದುವು. ಆ ಕಾಲದ ಸ್ಟ್ರೌಜರ್ ಪದ್ಧತಿಯ ಕೇಂದ್ರದೊಳಗೆ ಕಾಲಿಟ್ಟವರಿಗೆ ಮೊದಲು ಕೇಳಿಸುತ್ತಿದ್ದುದು ಎಡೆಬಿಡದ ಟಕಟಕ ಸದ್ದು. ಆ ಸದ್ದಿನಲ್ಲಿ ದೊಡ್ಡ ಪಾಲು ರಿಲೇಗಳದು.

ರಿಲೇ ಎಂದರೆ ವಿದ್ಯುತ್ಕಾಂತದ ಬಲದಿಂದ ಮುಚ್ಚಿ ತೆರೆಯುವ ಒಂದು ಸ್ವಿಚ್ಚು. ಸುರುಳಿಯಲ್ಲಿ ವಿದ್ಯುತ್ತು ಹರಿದರೆ ಕಬ್ಬಿಣದ ಪಟ್ಟಿಯೊಂದು ಎಳೆಯಲ್ಪಟ್ಟು ಲೋಹದ ತುದಿಗಳು ಕೂಡಿಕೊಳ್ಳುತ್ತವೆ. ಹರಿಯುವುದು ನಿಂತರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ಈ ಕೆಲಸ ತತ್‌ಕ್ಷಣ ಆಗುವುದಿಲ್ಲ; ಕೆಲವು ಸಾವಿರಾಂಶ ಸೆಕೆಂಡುಗಳಾದರೂ ಬೇಕು. ಈಗ ಎರಡು ರಿಲೇಗಳಿಗೆ ಏಕಕಾಲದಲ್ಲಿ ವಿದ್ಯುತ್ತನ್ನು ಕೊಟ್ಟೆವೆಂದು ಭಾವಿಸೋಣ. ಯಾವುದು ಮೊದಲು ಮುಚ್ಚಿಕೊಳ್ಳುವುದು? ಸ್ಪ್ರಿಂಗಿನ ಬಿಗಿತ, ತುದಿಯ ಮೇಲೆ ಕುಳಿತ ಧೂಳು, ಆ ದಿನದ ಸೆಕೆ, ಇವುಗಳಲ್ಲಿ ಯಾವುದು ಬೇಕಾದರೂ ಉತ್ತರವನ್ನು ಬದಲಿಸಬಲ್ಲುದು. ಮೊದಲನೆಯದು ಮುಂದಾದರೆ ಕರೆ ಸರಿಯಾದ ಮನೆಗೆ ಹೋಗಿ, ಎರಡನೆಯದು ಮುಂದಾದರೆ ಮತ್ತೆಲ್ಲಿಗೋ ಹೋಗುವಂತೆ ಮಂಡಲವು ರಚಿತವಾಗಿದ್ದರೆ, ಆ ಕೇಂದ್ರವು ಹತ್ತು ದಿನ ನೆಟ್ಟಗೆ ನಡೆದು ಹನ್ನೊಂದನೆಯ ದಿನ ಎಡವುವುದು. ಪರೀಕ್ಷಿಸಲು ಹೋದವನಿಗೆ ಎರಡು ರಿಲೇಗಳೂ ನಿರ್ದುಷ್ಟವಾಗಿಯೇ ಕಾಣುವುವು. ನಿಜಕ್ಕೂ ಅವು ನಿರ್ದುಷ್ಟವೇ. ದೋಷವಿರುವುದು ಅವುಗಳ ನಡುವಣ ಓಟದಲ್ಲಿ.

ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಡೇವಿಡ್ ಹಫ್‌ಮನ್ ಇಂತಹ ಮಂಡಲಗಳ ರಚನೆಯನ್ನು ಕುರಿತು ೧೯೫೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ‘ರೇಸ್’ ಎಂದು ಕರೆದ. ಬೆಂಗಳೂರಿನವರಿಗೆ ರೇಸ್ ಎಂದೊಡನೆ ಕುದುರೆಗಳು ನೆನಪಾಗುವುದು ಸಹಜ. ನಾವು ಇದನ್ನು ಪೈಪೋಟಿ ಎಂದು ಕರೆಯೋಣ. ಪ್ರಬಂಧ ಬರುವುದಕ್ಕೆ ಎಷ್ಟೋ ಮೊದಲೇ ಟೆಲಿಫೋನಿನ ಕುಶಲಕರ್ಮಿಗಳು ಇದಕ್ಕೆ ಮದ್ದು ಕಂಡುಕೊಂಡಿದ್ದರು. ನಿಧಾನವಾಗಬೇಕಾದ ರಿಲೇಯ ತಿರುಳಿಗೆ ದಪ್ಪನೆಯ ತಾಮ್ರದ ಬಳೆಯೊಂದನ್ನು ತೊಡಿಸುತ್ತಿದ್ದರು. ಕಾಂತಕ್ಷೇತ್ರವು ಏರುವಾಗಲೂ ಇಳಿಯುವಾಗಲೂ ಆ ಬಳೆಯಲ್ಲಿ ವಿದ್ಯುತ್ತು ಪ್ರೇರಿತವಾಗಿ ಬದಲಾವಣೆಯನ್ನು ತಡೆಯುತ್ತದೆ; ರಿಲೇ ತಡವಾಗಿ ಅಲುಗುತ್ತದೆ. ಹೀಗೆ ಓಟದ ಫಲಿತಾಂಶವನ್ನು ಓಟಕ್ಕೆ ಮೊದಲೇ ನಿಶ್ಚಯಿಸಿಬಿಡುತ್ತಿದ್ದರು. ತಾಮ್ರದ ಒಂದು ಬಳೆಯಿಂದ ಕಾಲಕ್ರಮವನ್ನು ಕಟ್ಟಿಹಾಕಿದ ಈ ಉಪಾಯವು ನಮಗೆ ಬಹಳ ಸೊಗಸಾಗಿ ಕಾಣುತ್ತದೆ.

ರಿಲೇಗಳ ಕಾಲ ಮುಗಿಯಿತು; ಪೈಪೋಟಿಯ ಕಾಲ ಮುಗಿಯಲಿಲ್ಲ. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ದಂಡುಪ್ರದೇಶದ ಮಗ್ಗುಲಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ತನ್ನ ಕೇಂದ್ರವನ್ನು ತೆರೆದ ಮೇಲೆ, ಚಿಪ್ಪುಗಳ ವಿನ್ಯಾಸವೂ ಅವುಗಳಿಗೆ ಬೇಕಾದ ತಂತ್ರಾಂಶದ ರಚನೆಯೂ ಬೆಂಗಳೂರಿನ ಕಸುಬುಗಳಾದುವು. ಇಂದು ಈ ನಗರದ ಪೂರ್ವಭಾಗದಲ್ಲಿ ಸಂಜೆ ಮೆಟ್ರೋ ಹತ್ತುವ ತರುಣರಲ್ಲಿ ಹಲವರು ಹಗಲೆಲ್ಲ ಹುಡುಕಾಡಿರುವುದು, ದೂರವಾಣಿನಗರದ ಹಳಬರು ಹುಡುಕುತ್ತಿದ್ದಂತಹುದೇ ದೋಷವನ್ನು. ಸಾವಿರಾಂಶ ಸೆಕೆಂಡಿನ ಸ್ಥಳದಲ್ಲಿ ಶತಕೋಟ್ಯಂಶ ಸೆಕೆಂಡು ಬಂದಿದೆ, ಅಷ್ಟೇ.

ತಂತ್ರಾಂಶದಲ್ಲಿ ಪೈಪೋಟಿ ಹೇಗೆ ಹುಟ್ಟುವುದೆಂಬುದನ್ನು ವಿದ್ಯಾರ್ಥಿಗಳು ಒಂದು ಹಲಗೆಯಿಂದ ತಿಳಿದುಕೊಳ್ಳಬಹುದು. ಹಲಗೆಯ ಮೇಲೆ ೧೦ ಎಂದು ಬರೆಯಿರಿ. ಇಬ್ಬರು ಗೆಳೆಯರಿಗೆ ಒಂದೇ ಆಜ್ಞೆ: ಅಂಕಿಯನ್ನು ಓದು, ಮನಸ್ಸಿನಲ್ಲಿ ಒಂದನ್ನು ಕೂಡು, ಹಳೆಯದನ್ನು ಒರಸಿ ಹೊಸದನ್ನು ಬರೆ. ಒಬ್ಬನಾದ ಮೇಲೆ ಒಬ್ಬನು ಬಂದರೆ ೧೨ ಆಗುವುದು. ಇಬ್ಬರೂ ಒಟ್ಟಿಗೆ ಓದಿದರೆ ಇಬ್ಬರ ಮನಸ್ಸಿನಲ್ಲಿಯೂ ೧೧ ಇರುವುದು. ಇಬ್ಬರೂ ೧೧ ಎಂದೇ ಬರೆಯುವರು. ಲೆಕ್ಕದಲ್ಲಿ ಒಂದು ಮಾಯವಾಯಿತು, ಆದರೆ ತಪ್ಪು ಮಾಡಿದವರು ಯಾರೂ ಇಲ್ಲ.

ಇದು ಹಲಗೆಯ ಮೇಲಿನ ಆಟವಾಗಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ೧೯೮೫ರಿಂದ ೧೯೮೭ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ‘ಥೆರಾಕ್-೨೫’ ಎಂಬ ವಿಕಿರಣ ಚಿಕಿತ್ಸೆಯ ಯಂತ್ರವು ಆರು ಮಂದಿ ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣವನ್ನು ಕೊಟ್ಟಿತು, ಕೆಲವರು ಸತ್ತರು. ಕಾರಣಗಳಲ್ಲೊಂದು ಪೈಪೋಟಿ. ಯಂತ್ರವು ತನ್ನ ಅಯಸ್ಕಾಂತಗಳನ್ನು ಹೊಂದಿಸಿಕೊಳ್ಳುತ್ತಿದ್ದ ಸುಮಾರು ಎಂಟು ಸೆಕೆಂಡುಗಳೊಳಗೆ ಕೈಚಳಕದ ನಿರ್ವಾಹಕರು ಪರದೆಯ ಮೇಲಿನ ಆಜ್ಞೆಯನ್ನು ತಿದ್ದಿ ಮುಗಿಸಿದರೆ, ಆ ತಿದ್ದುಪಡಿ ಯಂತ್ರದ ಒಂದು ಭಾಗಕ್ಕೆ ಮುಟ್ಟುತ್ತಲೇ ಇರಲಿಲ್ಲ. ನಿಧಾನವಾಗಿ ಬೆರಳಾಡಿಸುವವರ ಕೈಯಲ್ಲಿ ಈ ದೋಷವು ತಲೆದೋರುತ್ತಿರಲಿಲ್ಲ. ೨೦೦೩ರ ಆಗಸ್ಟ್ ೧೪ರಂದು ಈಶಾನ್ಯ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು ಐದು ಕೋಟಿ ಜನರು ಕತ್ತಲಲ್ಲಿ ಮುಳುಗಿದಾಗಲೂ, ವಿದ್ಯುತ್ ನಿಯಂತ್ರಣ ಕೇಂದ್ರವೊಂದರ ಎಚ್ಚರಿಕೆಯ ವ್ಯವಸ್ಥೆಯು ಅದಕ್ಕೆ ಸುಮಾರು ಎರಡು ಗಂಟೆ ಮೊದಲೇ ಇಂತಹುದೇ ದೋಷದಿಂದ ಮೂಕವಾಗಿತ್ತು.

ಈಗ ನಾವು ವಿವರವಾಗಿ ಪರಿಶೀಲಿಸಲಿರುವ ಪ್ರಸಂಗದಲ್ಲಿ ಸಾವುನೋವುಗಳಿಲ್ಲ. ಅಪಾಯಕ್ಕೆ ಸಿಕ್ಕಿದ್ದುದು ಒಂದು ಬೀಸಣಿಗೆ ಮತ್ತು ಅದು ತಂಪಾಗಿಡಬೇಕಾದ ಒಂದು ಚಿಪ್ಪು. ಆದರೂ ಇದನ್ನು ಆರಿಸಿಕೊಂಡಿದ್ದೇವೆ. ಏಕೆಂದರೆ ಇದರಲ್ಲಿ ಪೈಪೋಟಿಯ ಒಬ್ಬ ಓಟಗಾರನು ಸಾಕ್ಷಾತ್ ಕಾಲವೇ.

ಗಣಕಯಂತ್ರದಲ್ಲಿ ಚಿತ್ರಗಳನ್ನು ರಚಿಸಿ ಪರದೆಗೆ ಕಳುಹಿಸುವ ಭಾಗವೇ ಗ್ರಾಫಿಕ್ಸ್ ಕಾರ್ಡು. ಅದನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ನಮ್ಮಲ್ಲಿ ಡ್ರೈವರ್ ಎಂದರೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಬೀಡುಬಿಟ್ಟಿರುವವರು ಎಂದೇ ವಾಡಿಕೆಯಾದುದರಿಂದ, ಇದನ್ನು ಚಾಲಕ ತಂತ್ರಾಂಶವೆನ್ನೋಣ. ಎನ್ವಿಡಿಯಾ ಸಂಸ್ಥೆಯ ಕಾರ್ಡುಗಳಿಗೆ ‘ನೂವೋ’ ಎಂಬ ಚಾಲಕ ತಂತ್ರಾಂಶವೊಂದುಂಟು. ಕಾರ್ಡಿನ ಒಳಗುಟ್ಟನ್ನು ಹೊರಗಿನಿಂದಲೇ ಗಮನಿಸಿ, ಊಹಿಸಿ, ಪರೀಕ್ಷಿಸಿ ಉತ್ಸಾಹಿಗಳು ಬರೆದುದು ಇದು. ೨೦೧೦ರಲ್ಲಿ ಹೊರಬಂದ ಲಿನಕ್ಸ್ ೨.೬.೩೩ನೆಯ ಆವೃತ್ತಿಯಲ್ಲಿ ಸೇರಿತು. ಅದರ ಮೂಲಬರಹವನ್ನು ಯಾವ ವಿದ್ಯಾರ್ಥಿಯೂ ತೆರೆದು ಓದಬಹುದು.

ಕಾರ್ಡಿನೊಳಗೆ ಒಂದು ಗಡಿಯಾರವಿದೆ. ಅದು ಕಾಲವನ್ನು ನ್ಯಾನೋಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ಶತಕೋಟ್ಯಂಶಗಳಲ್ಲಿ, ಲೆಕ್ಕವಿಡುತ್ತದೆ. ಸಂಖ್ಯೆ ದೊಡ್ಡದಾದುದರಿಂದ ಅದನ್ನು ಮೇಲರ್ಧ, ಕೆಳಅರ್ಧ ಎಂದು ೩೨ ಬಿಟ್ಟುಗಳ ಎರಡು ರಿಜಿಸ್ಟರುಗಳಲ್ಲಿ ಇಟ್ಟಿದೆ. ಪೈಪೋಟಿಯು ಕಾಲವನ್ನು ಓದುವಲ್ಲಿಂದಲೇ ಆರಂಭವಾಗುತ್ತದೆ. ಗೋಡೆಯ ಗಡಿಯಾರದಲ್ಲಿ ೧೦ ಗಂಟೆ ೫೯ ನಿಮಿಷವಾಗಿರುವಾಗ ನಾವು ಗಂಟೆಯ ಮುಳ್ಳನ್ನು ನೋಡಿ ಹತ್ತು ಎಂದು ಬರೆದುಕೊಂಡು, ಕಣ್ಣನ್ನು ನಿಮಿಷದ ಮುಳ್ಳಿನತ್ತ ಹೊರಳಿಸುವಷ್ಟರಲ್ಲಿ ಅದು ಸೊನ್ನೆಗೆ ಬಂದರೆ, ಹತ್ತು ಗಂಟೆ ಸೊನ್ನೆ ನಿಮಿಷ ಎಂದು ಬರೆದುಬಿಡುತ್ತೇವೆ. ಒಂದು ಗಂಟೆಯೇ ಹಿಂದೆ ಬಿದ್ದೆವು! ಇದಕ್ಕೆ ನೂವೋ ಅನುಸರಿಸುತ್ತಿದ್ದ ಕ್ರಮ ಸರಳವಾದುದು. ಮೇಲರ್ಧವನ್ನು ಓದು, ಕೆಳಅರ್ಧವನ್ನು ಓದು, ಮೇಲರ್ಧವನ್ನು ಮತ್ತೊಮ್ಮೆ ಓದು; ಎರಡು ಸಲವೂ ಅದು ಒಂದೇ ಆಗಿರದಿದ್ದರೆ ಮೊದಲಿನಿಂದ ಆರಂಭಿಸು.

ಕಾಲವನ್ನು ಹೇಳುವುದಲ್ಲದೆ ಈ ಗಡಿಯಾರವು ಅಲಾರಮನ್ನೂ ಬಾರಿಸುತ್ತದೆ. ಅಲಾರಮಿನ ರಿಜಿಸ್ಟರಿನಲ್ಲಿ ಒಂದು ಕಾಲವನ್ನು ಬರೆದಿಟ್ಟರೆ, ಗಡಿಯಾರದ ಕೆಳಅರ್ಧವು ಅದಕ್ಕೆ ಸಮನಾದ ಕ್ಷಣದಲ್ಲಿ ಕಾರ್ಡು ಪ್ರೊಸೆಸರನ್ನು ಕರೆಯುತ್ತದೆ. ಈ ಕರೆಯೇ ಇಂಟರಪ್ಟು. ಅಲಾರಮಿನ ರಿಜಿಸ್ಟರಿರುವುದು ಒಂದೇ. ಕಾಯುವ ಕೆಲಸಗಳೋ ಹಲವು. ಆದುದರಿಂದ ತಂತ್ರಾಂಶವು ಕೆಲಸಗಳನ್ನು ಕಾಲಾನುಕ್ರಮದಲ್ಲಿ ಒಂದು ಪಟ್ಟಿ ಮಾಡಿಕೊಂಡು, ಎಲ್ಲಕ್ಕಿಂತ ಮೊದಲಿನದರ ವೇಳೆಯನ್ನು ಮಾತ್ರ ರಿಜಿಸ್ಟರಿನಲ್ಲಿ ಬರೆಯುತ್ತದೆ. ಅದು ಬಾರಿಸಿದ ಮೇಲೆ ಮುಂದಿನದು.

ಇಲ್ಲಿಯೇ ಅಪಾಯವಿದ್ದುದು. ಮುಂದಿನ ಕೆಲಸದ ವೇಳೆ ಬಹಳ ಹತ್ತಿರದಲ್ಲಿದೆಯೆಂದು ಇಟ್ಟುಕೊಳ್ಳಿ. ತಂತ್ರಾಂಶವು ಗಡಿಯಾರವನ್ನು ನೋಡುತ್ತದೆ: ಇನ್ನೂ ವೇಳೆಯಾಗಿಲ್ಲ. ಸರಿ, ರಿಜಿಸ್ಟರಿನಲ್ಲಿ ಬರೆಯೋಣವೆಂದು ಹೊರಡುತ್ತದೆ. ಪ್ರೊಸೆಸರಿನಿಂದ ಕಾರ್ಡಿಗೆ ಆಜ್ಞೆ ತಲಪಲು ಒಂದಿಷ್ಟು ಕಾಲ ಹಿಡಿಯುತ್ತದೆ; ನಮ್ಮ ಪಾಲಿಗೆ ಅದು ಏನೂ ಅಲ್ಲ, ನ್ಯಾನೋಸೆಕೆಂಡುಗಳನ್ನು ಎಣಿಸುವ ಗಡಿಯಾರದ ಪಾಲಿಗೆ ಅದು ದೀರ್ಘಪಯಣ. ಬರೆದು ಮುಗಿಯುವಷ್ಟರಲ್ಲಿ ಆ ವೇಳೆ ಕಳೆದೇ ಹೋಗಿರುತ್ತದೆ. ಮನೆಯ ಹಳೆಯ ಅಲಾರಂ ಗಡಿಯಾರಕ್ಕೆ ಆರು ಗಂಟೆಯ ಗುರುತಿಡಲು ಹೋಗಿ, ಕೀಲಿಯನ್ನು ತಿರುಗಿಸುತ್ತಿರುವಾಗಲೇ ಆರು ಹೊಡೆದುಹೋದರೆ ಏನಾಗುವುದು? ಗಡಿಯಾರವು ತಪ್ಪೇನನ್ನೂ ಮಾಡದು. ಮುಂದಿನ ಆರು ಗಂಟೆಗೆ, ಹನ್ನೆರಡು ತಾಸುಗಳಾದ ಮೇಲೆ, ನಿಷ್ಠೆಯಿಂದ ಬಾರಿಸುವುದು.

ಕಾರ್ಡಿನ ಗಡಿಯಾರಕ್ಕೆ ಈ ಸುತ್ತು ಎಷ್ಟು ಕಾಲದ್ದು? ಲೆಕ್ಕ ಹಾಕುವುದು ಕಷ್ಟವಲ್ಲ. ಹೋಲಿಸುವುದು ೩೨ ಬಿಟ್ಟುಗಳನ್ನು. ಎರಡನ್ನು ಮೂವತ್ತೆರಡು ಸಲ ಗುಣಿಸಿದರೆ ೪೨೯,೪೯,೬೭,೨೯೬. ಅಷ್ಟು ನ್ಯಾನೋಸೆಕೆಂಡುಗಳೆಂದರೆ ೪.೨೯ ಸೆಕೆಂಡುಗಳು. ಎಂದಮೇಲೆ ಕೂದಲೆಳೆಯಷ್ಟರಲ್ಲಿ ತಪ್ಪಿದ ಅಲಾರಂ ನಾಲ್ಕು ಸೆಕೆಂಡುಗಳಿಗೂ ಮಿಕ್ಕಿ ತಡವಾಗಿ ಬಾರಿಸುವುದು. ಎಲ್ಲ ದೋಷಗಳೂ ಹೀಗೆ ತಮ್ಮ ವಿಳಾಸವನ್ನು ಬಿಟ್ಟುಹೋಗುವುದಿಲ್ಲ. ಒಂದು ವಿಳಂಬವು ಸದಾ ಸುಮಾರು ನಾಲ್ಕು ಸೆಕೆಂಡೇ ಆಗಿದ್ದರೆ, ಎರಡರ ಮೂವತ್ತೆರಡನೆಯ ಘಾತವನ್ನು ಬಲ್ಲವನ ಕಣ್ಣು ತಾನಾಗಿಯೇ ಗಡಿಯಾರದತ್ತ ಹೊರಳುವುದು.

ನಾಲ್ಕು ಸೆಕೆಂಡು ಯಾವ ಮಹಾ ಹೊತ್ತು ಎಂದು ಕೇಳಬಹುದು. ಕೆಲವು ಕಾರ್ಡುಗಳಲ್ಲಿ ಬೀಸಣಿಗೆಯ ವೇಗವನ್ನು ಹಿಡಿತದಲ್ಲಿಡುವ ಪ್ರತ್ಯೇಕ ಯಂತ್ರಭಾಗವಿರುವುದಿಲ್ಲ. ಅಲ್ಲಿ ನೂವೋ ತಾನೇ ಬೀಸಣಿಗೆಯ ವಿದ್ಯುತ್ತನ್ನು ಹಾಕಿ ತೆಗೆದು ಮಾಡುತ್ತದೆ. ಒಂದು ಆವರ್ತ ಸೆಕೆಂಡಿನ ಹತ್ತನೆಯ ಒಂದು ಭಾಗ. ಶೇಕಡಾ ೩೦ರ ವೇಗ ಬೇಕಾದರೆ ೩೦ ಮಿಲಿಸೆಕೆಂಡು ಹಾಕಿ ೭೦ ಮಿಲಿಸೆಕೆಂಡು ತೆಗೆಯುವುದು. ಪ್ರತಿಯೊಂದು ಹಾಕುವಿಕೆ, ತೆಗೆಯುವಿಕೆಯ ಹಿಂದೆಯೂ ಒಂದೊಂದು ಅಲಾರಂ. ವಿದ್ಯುತ್ತನ್ನು ತೆಗೆದ ಮೇಲೆ ಬರಬೇಕಾದ ಅಲಾರಂ ತಪ್ಪಿತೆಂದರೆ, ೭೦ ಮಿಲಿಸೆಕೆಂಡು ಸುಮ್ಮನಿರಬೇಕಾಗಿದ್ದ ಬೀಸಣಿಗೆಗೆ ನಾಲ್ಕು ಸೆಕೆಂಡಿನ ಕಾಲ ವಿದ್ಯುತ್ತಿಲ್ಲ. ಚಿಪ್ಪಿನ ಉಷ್ಣತೆಯನ್ನು ಆಗಾಗ ಅಳೆಯುವ ಕೆಲಸವೂ ಇದೇ ಅಲಾರಮಿನ ಪಟ್ಟಿಯಲ್ಲಿಯೇ ನಿಂತಿರುತ್ತದೆ ಎಂಬುದನ್ನು ಮರೆಯಬಾರದು.

೨೦೧೭ರ ಮೇ ತಿಂಗಳಿನಲ್ಲಿ ನೂವೋವಿನ ಪಾಲಕನೂ ಆಗ ರೆಡ್ ಹ್ಯಾಟ್ ಸಂಸ್ಥೆಯಲ್ಲಿದ್ದವನೂ ಆದ ಬೆನ್ ಸ್ಕೆಗ್ಸ್ ಈ ಗಡಿಯಾರದ ಭಾಗಕ್ಕೆ ತಿದ್ದುಪಡಿಗಳ ಒಂದು ಸರಣಿಯನ್ನೇ ಬರೆದ. ನಾಲ್ಕು ಸೆಕೆಂಡಿನ ದೋಷಕ್ಕೆ ಅವನು ಮಾಡಿದ ಪರಿಹಾರವು ಒಂದೆರಡು ಸಾಲುಗಳದು. ಅಲಾರಮಿನ ವೇಳೆಯನ್ನು ರಿಜಿಸ್ಟರಿನಲ್ಲಿ ಬರೆ; ಬರೆದಾದ ಮೇಲೆ ಗಡಿಯಾರವನ್ನು ಮತ್ತೊಮ್ಮೆ ನೋಡು. ವೇಳೆ ಇನ್ನೂ ಮುಂದಿದ್ದರೆ ನಿಶ್ಚಿಂತೆಯಿಂದ ಹೋಗು; ಕಳೆದುಹೋಗಿದ್ದರೆ ಅಲಾರಮಿಗಾಗಿ ಕಾಯದೆ ಆ ಕೆಲಸವನ್ನು ಈಗಲೇ ಆದವುಗಳ ಸಾಲಿಗೆ ಸೇರಿಸು. ಇಲ್ಲಿ ಕ್ರಮವೇ ಮುಖ್ಯವೆಂಬುದನ್ನು ವಾಚಕರು ಗಮನಿಸಬೇಕು. ಮೊದಲು ನೋಡಿ ಆಮೇಲೆ ಬರೆದರೆ, ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಒಂದು ಸಂದಿ ಉಳಿದೇ ಉಳಿಯುತ್ತದೆ. ಎಷ್ಟು ಬೇಗ ಬರೆದರೂ ಅದು ಕಿರಿದಾಗುವುದೇ ಹೊರತು ಮುಚ್ಚುವುದಿಲ್ಲ. ಬರೆದ ಮೇಲೆ ನೋಡಿದರೆ ಸಂದಿಯಿಲ್ಲ. ವೇಳೆಯು ಬರೆಯುವುದಕ್ಕೆ ಮೊದಲು ಕಳೆದಿದ್ದರೆ ನೋಟಕ್ಕೆ ಸಿಕ್ಕುವುದು, ಬರೆದ ನಂತರ ಬಂದರೆ ಅಲಾರಮೇ ಬಾರಿಸುವುದು.

ಇನ್ನೊಂದು ದೋಷವು ಕರೆಗೆ ಓಗೊಡುವ ರೀತಿಯಲ್ಲಿತ್ತು. ಅಲಾರಂ ಬಾರಿಸಿದಾಗ ಕಾರ್ಡು ಒಂದು ಸೂಚನಾಬಿಟ್ಟನ್ನು ಮೇಲೆತ್ತಿ ಹಿಡಿಯುತ್ತದೆ. ತಂತ್ರಾಂಶವು ಅದನ್ನು ಇಳಿಸಬೇಕು. ಹಿಂದೆ ನೂವೋ ಬಂದ ಕೆಲಸಗಳನ್ನೆಲ್ಲ ಮುಗಿಸಿ ಕೊನೆಯಲ್ಲಿ ಬಿಟ್ಟನ್ನು ಇಳಿಸುತ್ತಿತ್ತು. ಮೇಲುನೋಟಕ್ಕೆ ಇದು ಶಿಸ್ತಿನ ಕೆಲಸದಂತೆಯೇ ತೋರುತ್ತದೆ. ಅಂಗಡಿಯ ಬಾಗಿಲಿನಲ್ಲಿ ಒಂದು ಹಲಗೆಯನ್ನು ತೂಗುಹಾಕಿ, ಬಂದ ಗಿರಾಕಿಯು ಅದರ ಮೇಲೆ ಗೀಟೆಳೆದು ನಿಲ್ಲಬೇಕೆಂದು ಏರ್ಪಾಟು ಮಾಡಿದರೆಂದು ಭಾವಿಸಿ. ಅಂಗಡಿಯವನು ಗೀಟನ್ನು ಕಂಡು, ಸಾಮಾನು ಕಟ್ಟಿಕೊಟ್ಟು, ಕೊನೆಯಲ್ಲಿ ಹಲಗೆಯನ್ನು ಒರಸುತ್ತಾನೆ. ಅವನು ಒಳಗೆ ಸಾಮಾನು ಕಟ್ಟುತ್ತಿರುವಾಗ ಬಂದ ಎರಡನೆಯ ಗಿರಾಕಿಯ ಗೀಟೂ ಆ ಒರಸುವಿಕೆಯಲ್ಲಿಯೇ ಅಳಿಸಿಹೋಯಿತು. ಮೊದಲು ಒರಸಿ ಆಮೇಲೆ ಕಟ್ಟಲು ಹೋದರೆ ಈ ತೊಂದರೆಯಿಲ್ಲ. ಹೆಚ್ಚೆಂದರೆ ಒಮ್ಮೆ ಸುಮ್ಮನೆ ಬಾಗಿಲಿಗೆ ಬಂದು ನೋಡಿದಂತಾಗುವುದು. ಸ್ಕೆಗ್ಸ್ ಮಾಡಿದ್ದು ಇಷ್ಟೆ: ಒಂದು ಸಾಲನ್ನು ಮತ್ತೊಂದರ ಮೇಲಕ್ಕೆ ಸರಿಸಿದ.

ಮೂರನೆಯದು ಪಟ್ಟಿಯನ್ನು ಕುರಿತದ್ದು. ಈ ಪಟ್ಟಿಯು ಹಾಳೆಯ ಮೇಲೆ ಬರೆದಂತಹುದಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕಟ್ಟುವ ಹೂಮಾಲೆಯಂತೆ ಪ್ರತಿಯೊಂದು ಅಂಶವೂ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಹಾಕಿಕೊಂಡಿರುತ್ತದೆ. ಒಬ್ಬರು ಕಟ್ಟುತ್ತಿರುವ ಮಾಲೆಯಿಂದಲೇ ಇನ್ನೊಬ್ಬರು ಹೂವನ್ನು ಬಿಡಿಸತೊಡಗಿದರೆ ಗತಿಯೇನು? ಇಂದಿನ ಗಣಕಯಂತ್ರದಲ್ಲಿ ಹಲವು ಪ್ರೊಸೆಸರುಗಳು ಏಕಕಾಲದಲ್ಲಿ ದುಡಿಯುವುದರಿಂದ ಇದು ಬರಿಯ ಕಲ್ಪನೆಯಲ್ಲ. ಇದಕ್ಕೆ ಮದ್ದು ಬೀಗ. ಒಂಟಿ ಹಳಿಯ ರೈಲುಮಾರ್ಗಗಳಲ್ಲಿ ಬಳಸುತ್ತಿದ್ದ ಚೆಂಡು-ಟೋಕನ್ನನ್ನು ಹಿರಿಯರು ಬಲ್ಲರು. ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಕೂಡಿದ್ದು, ಅವೆರಡರಿಂದ ಒಟ್ಟಿಗೆ ಒಂದೇ ಚೆಂಡು ಮಾತ್ರ ಹೊರಬರಬಲ್ಲುದು. ಚೆಂಡು ಕೈಯಲ್ಲಿಲ್ಲದ ಚಾಲಕನು ಆ ಹಳಿಗೆ ಇಳಿಯುವಂತಿಲ್ಲ. ನೂವೋವಿನ ಪಟ್ಟಿಗೂ ಅಂತಹ ಬೀಗವಿತ್ತು. ಆದರೆ ಕೆಲಸದ ವೇಳೆಯನ್ನು ಬದಲಿಸುವ ಒಂದೆಡೆಯಲ್ಲಿ ಬೀಗವನ್ನು ಹಿಡಿಯುವುದಕ್ಕೆ ಮೊದಲೇ ವೇಳೆಯನ್ನು ತಿದ್ದಿಬಿಡುತ್ತಿದ್ದರು. ಪಟ್ಟಿಯಲ್ಲಿ ಆಗಲೇ ಇರುವ ಕೆಲಸವನ್ನು ಮತ್ತೊಮ್ಮೆ ಸೇರಿಸುವುದೂ ಸಾಧ್ಯವಿತ್ತು. ಒಂದೇ ಹೂವು ಮಾಲೆಯ ಎರಡು ಕಡೆ ಇರಲು ಹೋದರೆ ಮಾಲೆಯು ತುಂಡಾಗುವುದು, ಇಲ್ಲವೆ ತನ್ನನ್ನೇ ಸುತ್ತಿಕೊಂಡು ಕೊನೆಯಿಲ್ಲದಂತಾಗುವುದು.

ಬೀಸಣಿಗೆಯ ಭಾಗವನ್ನು ಬರೆದವರಿಗೆ ಇಲ್ಲಿ ಏನೋ ಕೆಟ್ಟಿದೆಯೆಂಬ ವಾಸನೆ ಬಂದಿತ್ತೆಂದು ತೋರುತ್ತದೆ. ಕೆಲಸವು ಪಟ್ಟಿಯಲ್ಲಿ ಇಲ್ಲವೆಂದು ನೋಡಿಕೊಂಡೇ ಸೇರಿಸುವಂತೆ ಅವರು ಅಲ್ಲಲ್ಲಿ ಒಂದು ಕಾವಲನ್ನು ಇಟ್ಟಿದ್ದರು. ಆದರೆ ಆ ಕಾವಲುಗಾರನೂ ಬೀಗವನ್ನು ಹಿಡಿಯದೆಯೇ ಪಟ್ಟಿಯನ್ನು ಇಣುಕಿ ನೋಡುತ್ತಿದ್ದ! ಅವನು ನೋಡಿ ಹೋದ ಮರುಕ್ಷಣವೇ ಪಟ್ಟಿ ಬದಲಾಗಬಹುದಾಗಿತ್ತು. ಮೇ ತಿಂಗಳ ಸರಣಿಯಲ್ಲಿ ಈ ತೇಪೆಗಳನ್ನೆಲ್ಲ ಕಿತ್ತು, ವೇಳೆಯ ತಿದ್ದುಪಡಿ ಮತ್ತು ಸೇರ್ಪಡೆಗಳೆರಡನ್ನೂ ಬೀಗದೊಳಗೆ ತರಲಾಯಿತು. ನಮ್ಮ ಅಭಿಪ್ರಾಯದಲ್ಲಿ, ಹೊಸ ಸಾಲುಗಳನ್ನು ಸೇರಿಸಿದುದಕ್ಕಿಂತ ಈ ಹಳೆಯ ಸಾಲುಗಳನ್ನು ತೆಗೆದುಹಾಕಲು ಹೆಚ್ಚಿನ ಧೈರ್ಯ ಬೇಕು. ಪೈಪೋಟಿಯ ದೋಷಕ್ಕೆ ತೇಪೆ ಹಾಕಿದಾಗ ಅದು ವಾರಕ್ಕೊಮ್ಮೆ ಬರುತ್ತಿದ್ದುದು ತಿಂಗಳಿಗೊಮ್ಮೆ ಬರುವಂತಾಗಿ, ವಾಸಿಯಾಯಿತೆಂಬ ಭ್ರಮೆ ಹುಟ್ಟುವುದುಂಟು. ಸಾವಿರ ಸಲ ಪರೀಕ್ಷಿಸಿ ಸರಿಯೆಂದು ಕಂಡುದೂ ಇಲ್ಲಿ ಪ್ರಮಾಣವಾಗದು. ಪರೀಕ್ಷೆಯ ಮೇಜಿನ ಮೇಲೆ ಓಟಗಾರರು ಪ್ರತಿಸಲವೂ ಒಂದೇ ಕ್ರಮದಲ್ಲಿ ಬಂದಿರಬಹುದು. ಯಾವ ಕ್ರಮದಲ್ಲಿ ಬಂದರೂ ಸರಿಯೇ ಎಂದು ಕಾಗದದ ಮೇಲೆ ಸಾಧಿಸಬೇಕು, ರೇಖಾಗಣಿತದ ಪ್ರಮೇಯದಂತೆ.

ಕಾಲದ ವಿಷಯದಲ್ಲಿ ಬೀಗವು ಏಕೆ ಸಾಲದೆಂಬುದು ಈಗ ಸ್ಪಷ್ಟವಾಗುವುದು. ಬೀಗವನ್ನು ಮನ್ನಿಸುವವನು ಇನ್ನೊಬ್ಬ ಪ್ರೊಸೆಸರು ಮಾತ್ರ. ಗಡಿಯಾರಕ್ಕೆ ಯಾವ ಬೀಗವೂ ಇಲ್ಲ. ನಾವು ಚೆಂಡನ್ನು ಹಿಡಿದು ನಿಂತಿದ್ದರೂ ಅದು ನಡೆಯುತ್ತಲೇ ಇರುವುದು. ಆದುದರಿಂದಲೇ ಪಟ್ಟಿಗೆ ಒಂದು ಮದ್ದು, ಅಲಾರಮಿಗೆ ಮತ್ತೊಂದು.

ಮೇ ತಿಂಗಳ ಕೆಲಸದಿಂದ ಎಲ್ಲವೂ ಮುಗಿಯಲಿಲ್ಲ. ವೇಳೆಯಾದ ಕೆಲಸಗಳನ್ನು ನಡೆಸುವಾಗ ಬೀಗವನ್ನು ಬಿಡಲೇಬೇಕು. ಏಕೆಂದರೆ ಬೀಸಣಿಗೆಯ ಕೆಲಸವು ತನ್ನ ಮುಂದಿನ ಸರದಿಯನ್ನು ತಾನೇ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಬೀಗವನ್ನು ಹಿಡಿದೇ ಅದನ್ನು ನಡೆಸಿದರೆ, ತನ್ನ ಕೈಯಲ್ಲಿರುವ ಬೀಗಕ್ಕಾಗಿ ತಾನೇ ಕಾಯುತ್ತ ನಿಂತುಬಿಡುವುದು. ಹೀಗಾಗಿ ವೇಳೆಯಾದವುಗಳನ್ನೆಲ್ಲ ಮೊದಲು ಇನ್ನೊಂದು ಪಟ್ಟಿಗೆ ವರ್ಗಾಯಿಸಿ, ಬೀಗ ಬಿಟ್ಟು, ಒಂದೊಂದಾಗಿ ನಡೆಸುವ ಪದ್ಧತಿ. ಆದರೆ ಎರಡು ಪಟ್ಟಿಗಳಿಗೂ ಪ್ರತಿಯೊಂದು ಕೆಲಸದ ಮೈಮೇಲೆ ಇದ್ದುದು ಒಂದೇ ಕೊಂಡಿ. ನಡೆಸುವ ಸಾಲಿನಲ್ಲಿ ಕಾದು ನಿಂತಿರುವ ಕೆಲಸವನ್ನು ಅದೇ ಹೊತ್ತಿಗೆ ಬೇರೊಂದು ಪ್ರೊಸೆಸರು ಕಾಯುವ ಪಟ್ಟಿಗೆ ಸೇರಿಸಿತೆಂದರೆ, ಒಂದು ಸಾಲಿನಿಂದ ಕೊಂಡಿಯನ್ನು ಕಳಚಿ ಮತ್ತೊಂದಕ್ಕೆ ಸಿಕ್ಕಿಸಿದಂತಾಗಿ ಎರಡೂ ಕೆಡುವುವು. ೨೦೧೭ರ ಜೂನ್ ತಿಂಗಳಿನ ತಿದ್ದುಪಡಿಯು ಪ್ರತಿಯೊಂದು ಕೆಲಸಕ್ಕೂ ಎರಡನೆಯ ಕೊಂಡಿಯನ್ನು ಕೊಟ್ಟಿತು: ಕಾಯುವ ಪಟ್ಟಿಗೆ ಒಂದು, ನಡೆಸುವ ಪಟ್ಟಿಗೆ ಒಂದು. ನಡೆಸುವ ಪಟ್ಟಿಯನ್ನು ಮುಟ್ಟುವುದು ಒಂದೇ ಒಂದು ಕಾರ್ಯಭಾಗವಾದುದರಿಂದ ಅದಕ್ಕೆ ಬೀಗವೇ ಬೇಡವಾಯಿತು.